ಪದಚರ್ಚೆ: ಗೇಮ್ ಎಂಜಿನ್ನಿನ ‘ಸೀಡ್’ ಎರಡು, ಕನ್ನಡದಲ್ಲೂ ಎರಡು ಪದ ಬೇಕಲ್ಲವೇ?

ಎಲ್ಲರಿಗೂ ನಮಸ್ಕಾರ.

ತುಮಕೂರಿನ ಡಿಪ್ಲೊಮಾ ವಿದ್ಯಾರ್ಥಿಗಳಿಗೆಂದು, ಅನ್‌ರಿಯಲ್ ಎಂಜಿನ್ನಿನ (ಕಂಪ್ಯೂಟರ್ ಆಟ ಕಟ್ಟುವ ತಂತ್ರಾಂಶದ) ಲೆವೆಲ್ ಎಡಿಟರಿನಲ್ಲಿ, ಅಂದರೆ ಆಟದ ನೆಲ ರೂಪಿಸುವ ಭಾಗದಲ್ಲಿ, ಗಿಡಮರ ಬೆಳೆಸುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಭ್ಯಾಸಕ್ಕೆ ಆರಿಸಿಕೊಂಡ ನೆಲ ದೇವರಾಯನದುರ್ಗದ ತಪ್ಪಲು. ಕೆಲಸ ಒಂದು ಪದದ ಹತ್ತಿರ ನಿಂತಿದೆ.

ಈ ಎಂಜಿನ್ನಿನಲ್ಲಿ ಕಾಡನ್ನು ತಾನಾಗಿಯೇ ಬೆಳೆಸುವ ಸಲಕರಣೆ ಒಂದಿದೆ. ಮೊದಲ ಸುತ್ತಿನಲ್ಲಿ ಅದು ನೆಲದ ಮೇಲೆ ಅಲ್ಲಲ್ಲಿ ಸಸಿ ಹುಟ್ಟಿಸುತ್ತದೆ. ಮುಂದಿನ ಸುತ್ತುಗಳಲ್ಲಿ ಅವು ದೊಡ್ಡವಾಗಿ ತಮ್ಮ ಸುತ್ತ ಮರಿಗಳನ್ನು ಹರಡುತ್ತವೆ. ನೆರಳಿನಲ್ಲೂ ಬದುಕುತ್ತದೆ ಎಂದು ನಾವು ಗುರುತು ಹಾಕದ ಸಸಿ ದೊಡ್ಡ ಮರದ ನೆರಳಿನ ಹರವಿಗೆ ಸಿಕ್ಕರೆ ಅಳಿದುಹೋಗುತ್ತದೆ. ನಿಜವಾದ ಕಾಡಿನ ನಡೆಯನ್ನು ಲೆಕ್ಕಕ್ಕೆ ಇಳಿಸಿರುವ ಈ ರೀತಿ ನನಗೆ ಬಹಳ ಇಷ್ಟ.

ಮೊದಲ ಸುತ್ತಿನಲ್ಲಿ ಎಷ್ಟು ಬೀಳಬೇಕು ಎನ್ನುವ ಅಂಕಿಯ ಹೆಸರಿನಲ್ಲಿ ‘ಸೀಡ್’ ಇದೆ, ಅದು ಬೀಜವೇ. ಅದೇ ಸಲಕರಣೆಯಲ್ಲಿ ‘ರ‍್ಯಾಂಡಮ್ ಸೀಡ್’ ಎಂದು ಮತ್ತೊಂದಿದೆ. ಅದಕ್ಕೂ ಗಿಡಕ್ಕೂ ಸಂಬಂಧವಿಲ್ಲ. ಗೊತ್ತುಗುರಿಯಿಲ್ಲದ ಸಂಖ್ಯೆಗಳ ಸರಣಿ ಎಲ್ಲಿಂದ ಹೊರಡಬೇಕೆಂದು ತಿಳಿಸುವ ಅಂಕಿ ಅದು. ಬೇರೇನನ್ನೂ ಮುಟ್ಟದೆ ಅದೇ ಅಂಕಿ ಕೊಟ್ಟರೆ ಅದೇ ಕಾಡು ಮತ್ತೆ ಬರುತ್ತದೆ. ಅಂಕಿ ಬದಲಿಸಿದರೆ ಹೊಂಗೆ ಇದ್ದ ಕಡೆ ಮುತ್ತುಗ ಬಂದೀತು, ಬಯಲೂ ಆದೀತು. ಎರಡನ್ನೂ ‘ಬೀಜ’ ಎಂದು ಬರೆದರೆ, ‘ಬೀಜ ಹೆಚ್ಚಿಸಿ’ ಎಂದಾಗ ಹುಡುಗರು ಯಾವುದನ್ನು ಹೆಚ್ಚಿಸಬೇಕು?

ಈ ಎರಡನೆಯ ಅಂಕಿಗೆ ‘ಮೂಲಸಂಖ್ಯೆ’ ಎನ್ನಬಹುದೆಂದು ಒಬ್ಬರು ಸೂಚಿಸಿದರು. ವರ್ಗಮೂಲ, ಘನಮೂಲ ಕಲಿತವರಿಗೆ ಅದು ಬೇರೆ ಕಡೆ ಎಳೆಯುತ್ತದೆ. ನನಗೆ ‘ಬೀಜಾಂಕ’ ಹಿಡಿಸಿದೆ. ಬೀಜಾಕ್ಷರ, ಬೀಜಮಂತ್ರಗಳಲ್ಲಿ ಬೀಜವೆಂದರೆ ಹುಟ್ಟಿನ ನೆಲೆ ಎನ್ನುವ ಅರ್ಥ ನಮ್ಮಲ್ಲಿ ಮೊದಲಿನಿಂದಲೂ ಇದೆ. ನಿಜವಾದ ಬೀಜದ ಕಡೆಗೆ ‘ಬಿತ್ತನೆ’ ಇಟ್ಟರೆ ಗೊಂದಲ ಪೂರ್ತಿ ಹೋಗುತ್ತದೆ: ಒಂದು ಬೀಜಾಂಕ, ಇನ್ನೊಂದು ಮೊದಲ ಬಿತ್ತನೆ. ಇದಕ್ಕೆ ಆಕ್ಷೇಪವಿದ್ದರೆ ದಯವಿಟ್ಟು ಕಾರಣ ಸಹಿತ ತಿಳಿಸಿ.

ಎಡಿಟರಿನ ಕುಂಚವನ್ನು (ಬ್ರಶ್) ನೆಲದ ಮೇಲೆ ಎಳೆದು ಗಿಡ ಹಾಕುವುದಕ್ಕೆ ‘ಚೆಲ್ಲು’ ಎಂದಿದ್ದೇನೆ; ಚೆಲ್ಲು ಬಿತ್ತನೆ ಎಲ್ಲರಿಗೂ ಗೊತ್ತು. ಗಿಡಗಳ ನಡುವಿನ ಕನಿಷ್ಠ ದೂರಕ್ಕೆ ಹೊಸ ಪದ ಕಟ್ಟದೆ ‘ಗಿಡದಿಂದ ಗಿಡಕ್ಕೆ’ ಎಂದೇ ಬರೆದೆ, ರೈತರು ಹೇಳುವುದೇ ಹಾಗೆ. ಕಾಡಿಗೆ ಆ ಒಂದು ಅಳತೆ ಸಾಕು. ಗುಬ್ಬಿ ಕಡೆಯ ಅಡಿಕೆ ತೋಟ ಮಾಡುವುದಾದರೆ ‘ಸಾಲಿನಿಂದ ಸಾಲಿಗೆ’ ಕೂಡ ಬೇಕು. 9 ಅಡಿಗೆ 9 ಅಡಿಯ ಚೌಕವನ್ನು ಕುಂಚ ಕೊಡುವುದಿಲ್ಲ, ಕುಂಚದಲ್ಲಿ ಚೆಲ್ಲಿದ ಅಡಿಕೆ ಯಾವತ್ತೂ ತೋಟದಂತೆ ಕಾಣುವುದಿಲ್ಲ. ಇಳಿಜಾರಿನ ಮಿತಿಗೆ ‘ಇಳಿಜಾರು’ ಸಾಕು. ಕಡಿದಾದ ಕಡೆ ಹುಲ್ಲು ನಿಲ್ಲದಂತೆ ಅದನ್ನು ಹೊಂದಿಸಿದ ಮೇಲೆಯೇ ದುರ್ಗದ ಹಾಸುಬಂಡೆಗಳು ಬರಿದಾಗಿ, ಕೆಳಗಿನ ಕುರುಚಲು ಕುರುಚಲಾಗಿ ಕಂಡಿತು.

ಇನ್ನು ‘ಡೆನ್ಸಿಟಿ’, ಅಂದರೆ ಇಷ್ಟು ಜಾಗದಲ್ಲಿ ಎಷ್ಟು ಗಿಡ ಎನ್ನುವ ಅಳತೆ. ‘ಸಾಂದ್ರತೆ’ ಭೌತವಿಜ್ಞಾನದ ಪಾಠದ್ದು. ಹಾಲಿಗೆ, ಪಾದರಸಕ್ಕೆ ಸರಿ. ‘ದಟ್ಟಣೆ’ ಅಂದರೆ ಈಗ ವಾಹನಗಳೇ ಕಣ್ಣಿಗೆ ಬರುತ್ತವೆ. ನಮ್ಮ ಕಡೆ ಪೈರು ‘ಒತ್ತಾಗಿ’ ಬಂದಿದೆ ಎನ್ನುತ್ತೇವೆ, ಹಾಗಾಗಿ ‘ಒತ್ತು’ ನನ್ನ ಮನಸ್ಸಿನಲ್ಲಿದೆ. ತೊಡಕೆಂದರೆ, ಪಾಠದ ಪ್ರತಿ ಪುಟದಲ್ಲೂ ‘ಬಟನ್ ಒತ್ತಿ’ ಬರುತ್ತದೆ. ‘ಒತ್ತು ಹೆಚ್ಚಿಸಿ’ ಎಂದರೆ ಬೆರಳು ಜೋರಾಗಿ ಊರಬೇಕೆಂದು ಓದುವವರು ತಿಳಿಯಬಹುದು.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಹೇಳಬೇಕು: ರಾಗಿ ಹೊಲದಲ್ಲಿ ಪೈರು ಹೀಗೆ ಒಂದರ ಮೇಲೊಂದು ಬಂದಾಗ ನಿಮ್ಮಲ್ಲಿ ಏನನ್ನುತ್ತಾರೆ? ತೆಳ್ಳಗೆ ಬಂದಾಗ?