ಸೈನೋವಿಯಲ್ ಸಾರ್ಕೋಮಾ ಹುಟ್ಟೋದು ಕೀಲಿನಿಂದಲೇನಾ?

ಪ್ರಶ್ನೆ (ಡೊಂಬಿವಲಿಯಿಂದ): ಡಾಕ್ಟ್ರೇ, ನಮಸ್ಕಾರ. ನನ್ನ ಅಕ್ಕನ ಮಗನಿಗೆ 24 ವರ್ಷ. ಮಂಡಿಯ ಹಿಂದೆ ಎರಡು ವರ್ಷದಿಂದ ಒಂದು ಗಂಟು ಇತ್ತು. ನೋವಿಲ್ಲ ಅಂತ ಸುಮ್ನೆ ಬಿಟ್ಟಿದ್ದ. ಹೋದ ತಿಂಗಳು ಮನೆ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಕೊಬ್ಬಿನ ಗಂಟು ಎಂದು ಹೇಳಿ ತೆಗೆದರು. ಈಗ ರಿಪೋರ್ಟಿನಲ್ಲಿ ಸೈನೋವಿಯಲ್ ಸಾರ್ಕೋಮಾ ಎಂದಿದೆ, ಅದು ಒಂದು ಬಗೆಯ ಕ್ಯಾನ್ಸರ್ ಗಡ್ಡೆ ಅಂತೆ. ಸೈನೋವಿಯಂ ಅಂದರೆ ಕೀಲಿನ ಒಳಪದರ ಅಲ್ವಾ? ಆದರೆ ಇದು ಯಾವ ಜೀವಕೋಶದಿಂದ ಹುಟ್ಟುತ್ತದೆ ಎನ್ನುವುದೇ ಖಚಿತವಿಲ್ಲ ಎಂದೂ ಓದಿದೆ. ಮೂಲವೇ ಗೊತ್ತಿಲ್ಲದೆ ಚಿಕಿತ್ಸೆ ಹೇಗೆ ಕೊಡುತ್ತಾರೆ? ಫಿಶ್ ಅಂತ ಇನ್ನೊಂದು ಟೆಸ್ಟ್ ಬೇರೆ ಬರೆದಿದ್ದಾರೆ. ಅಕ್ಕ ಊಟ ಬಿಟ್ಟು ಕೂತಿದ್ದಾಳೆ.

ಉತ್ತರ (ಪೆಥಾಲಜಿ ಡಾಕ್ಟರ್, ಖಾರ್‌ಘರ್): ಯಾವ ಕೋಶದಿಂದ ಹುಟ್ಟುತ್ತದೆ ಎನ್ನುವುದು ಖಚಿತವಿಲ್ಲ ಎಂದು ನೀವು ಓದಿದ್ದು ಸರಿ. ಹೆಸರೇ ತಪ್ಪು. ಕೀಲುಗಳ ಹತ್ತಿರ ಜಾಸ್ತಿ ಸಿಗುತ್ತದೆ, ಮೈಕ್ರೋಸ್ಕೋಪಿನಲ್ಲಿ ಕೀಲಿನ ಪದರದ ಹಾಗೆ ಕಂಡಿತು, ಅಂತ ಹಿಂದಿನವರು ಹೆಸರಿಟ್ಟರು. ಆಮೇಲೆ ನೋಡಿದರೆ ಕೀಲೇ ಇಲ್ಲದ ಶ್ವಾಸಕೋಶ, ಹೃದಯದಲ್ಲೂ ಇದು ಸಿಕ್ಕಿತು. ಮುಂಬೈಯಲ್ಲಿ ಹೋಟೆಲ್ ಬೋರ್ಡಿನ ಮೇಲೆ 'ಉಡುಪಿ' ಎಂದಿದ್ದ ಮಾತ್ರಕ್ಕೆ ಗಲ್ಲಾಪೆಟ್ಟಿಗೆ ಮುಂದೆ ಕೂತವರು ಉಡುಪಿಯವರೇ ಆಗಬೇಕಿಲ್ಲವಲ್ಲ, ಹಾಗೆ.

ಹಾಗಾದರೆ ಎಲ್ಲಿಂದ? ಸುಳಿವು ಸಿಕ್ಕಿದ್ದು ಜೀನ್‌ನಲ್ಲಿ. ಈ ಗಡ್ಡೆಯ ಜೀವಕೋಶದಲ್ಲಿ ಎಕ್ಸ್ ಕ್ರೋಮೋಸೋಮಿನ ತುಂಡೊಂದು 18ನೇ ಕ್ರೋಮೋಸೋಮಿಗೆ ಅಂಟಿಕೊಂಡಿರುತ್ತದೆ. ಎಸ್‌ಎಸ್18 ಎಂಬ ಜೀನ್‌ಗೆ ಎಸ್‌ಎಸ್‌ಎಕ್ಸ್ ಎಂಬ ಜೀನ್‌ನ ಬಾಲ ಸೇರಿ ಒಂದು ಬೆರಕೆ ಜೀನ್ ಆಗುತ್ತದೆ. ಇದು 1994ರಲ್ಲಿ ಗೊತ್ತಾಯಿತು.

2007ರಲ್ಲಿ ಅಮೆರಿಕದ ಯೂಟಾದಲ್ಲಿ ಜೀನ್ ವಿಜ್ಞಾನಿ ಮಾರಿಯೋ ಕಪೆಕ್ಕಿಯವರ ಲ್ಯಾಬಿನವರು ಇದೇ ಬೆರಕೆ ಜೀನ್ ಅನ್ನು ಇಲಿಗಳಿಗೆ ಹಾಕಿದರು. ನನಗೆ ತುಂಬಾ ಇಷ್ಟದ ಪ್ರಯೋಗ ಇದು. ಜೀನ್ ಒಂದೇ, ಆದರೆ ಬೇರೆ ಬೇರೆ ವಯಸ್ಸಿನ ಸ್ನಾಯುಕೋಶಗಳಲ್ಲಿ ಅದರ ಸ್ವಿಚ್ ಹಾಕಿ ನೋಡಿದರು. ತೀರಾ ಮೊದಲ ಹಂತದಲ್ಲಿ ಹಾಕಿದರೆ ಮರಿ ಹೊಟ್ಟೆಯಲ್ಲೇ ಸತ್ತಿತು. ಬಲಿತ ಕೋಶದಲ್ಲಿ ಹಾಕಿದರೆ ಸ್ನಾಯು ಕೆಟ್ಟಿತು, ಗಡ್ಡೆ ಬರಲಿಲ್ಲ. ನಡುವಿನ ಹಂತದ ಎಳೆ ಕೋಶ ಇದೆಯಲ್ಲ, ಮಯೋಬ್ಲಾಸ್ಟ್, ಅದರಲ್ಲಿ ಹಾಕಿದಾಗ ಮಾತ್ರ ಮನುಷ್ಯರಲ್ಲಿ ಬರುವಂಥದೇ ಗಡ್ಡೆ ಬಂತು. ಅಂದರೆ ಜೀನ್ ಕೆಟ್ಟರೆ ಸಾಲದು, ಅದಕ್ಕೆ ತಕ್ಕ ಕೋಶವೂ ತಕ್ಕ ವಯಸ್ಸೂ ಕೂಡಿ ಬರಬೇಕು.

ಅಲ್ಲಿಗೆ ಮುಗಿಯಿತೇ? ಇಲ್ಲ. ಮನುಷ್ಯರ ಗಡ್ಡೆಯಲ್ಲಿ ಸ್ನಾಯುವಿನ ಗುರುತುಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಇಲಿಯಲ್ಲೂ ಮುಂದೆ ಸ್ನಾಯುವಲ್ಲದ ಕೋಶಗಳಿಂದಲೂ ಇದನ್ನು ಬರಿಸಿದರು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯೂಎಚ್ಒ) ಗಡ್ಡೆಗಳ ಪಟ್ಟಿಯಲ್ಲಿ ಇದು ಇನ್ನೂ 'ಮೂಲ ಖಚಿತವಿಲ್ಲದ' ಗುಂಪಿನಲ್ಲೇ ಇದೆ.

ಫಿಶ್ ಅಂದರೆ ಬಂಗುಡೆ ಅಲ್ಲ, ಗಾಬರಿಯಾಗಬೇಡಿ! ಎಸ್‌ಎಸ್18ರ ಎರಡು ತುದಿಗೆ ಕೆಂಪು, ಹಸಿರು ಬಣ್ಣ ಹಚ್ಚುತ್ತಾರೆ. ಜೀನ್ ಸರಿಯಿದ್ದರೆ ಬಣ್ಣಗಳು ಅಂಟಿಕೊಂಡು ಕಾಣುತ್ತವೆ. ಮುರಿದಿದ್ದರೆ ದೂರ ದೂರ. ಹೆಸರು ಏನೇ ಇರಲಿ, ರೋಗ ಖಚಿತವಾಗುವುದು ಇದರಿಂದ. ಚಿಕಿತ್ಸೆಗೆ ಮೂಲದ ಕೋಶ ಗೊತ್ತಾಗಲೇಬೇಕು ಅಂತಿಲ್ಲ. ಗಡ್ಡೆ ಎಷ್ಟು ದೊಡ್ಡದಿತ್ತು, ಸುತ್ತಲಿನ ಅಂಚಿನ ಸಮೇತ ಪೂರ್ತಿ ತೆಗೆದಿದ್ದಾರೆಯೇ, ಶ್ವಾಸಕೋಶಕ್ಕೆ ಹರಡಿದೆಯೇ ಎನ್ನುವುದರ ಮೇಲೆ ಆಪರೇಶನ್, ರೇಡಿಯೇಶನ್, ಕೀಮೋ ನಿರ್ಧಾರವಾಗುತ್ತದೆ.

ಇನ್ನೊಬ್ಬರು (ಮಾಟುಂಗಾ): ಇದು ಮನೆತನದಲ್ಲಿ ಬರುತ್ತಾ? ಆ ಹುಡುಗನ ತಮ್ಮನಿಗೂ ಟೆಸ್ಟ್ ಮಾಡಿಸಬೇಕಾ?

ಉತ್ತರ: ಬೇಡ. ಈ ಬೆರಕೆ ಜೀನ್ ಅವನ ಮೈಯ ಯಾವುದೋ ಒಂದು ಕೋಶದಲ್ಲಿ ತಾನಾಗಿ ಆದದ್ದು. ಅಪ್ಪ ಅಮ್ಮನಿಂದ ಬಂದದ್ದಲ್ಲ.

ಪ್ರಶ್ನೆ ಕೇಳಿದವರು: ಲೋಕಲ್ ಟ್ರೇನ್ ಹತ್ತುವಾಗ ಒಮ್ಮೆ ಬಿದ್ದಿದ್ದ. ಅದರಿಂದ ಇರಬಹುದು ಅಂತ ಅಕ್ಕ ಹೇಳುತ್ತಿದ್ದಾಳೆ.

ಉತ್ತರ: ಇಲ್ಲ ಎಂದು ಅಕ್ಕನಿಗೆ ಹೇಳಿ. ಬಿದ್ದಾಗ ಆ ಜಾಗ ಮುಟ್ಟಿ ನೋಡುತ್ತೇವೆ, ಇದ್ದ ಗಂಟು ಆಗ ಕೈಗೆ ಸಿಗುತ್ತದೆ, ಅಷ್ಟೇ. ಈಗ ಒಂದು ಕೆಲಸ ಮಾಡಿ. ಮೊದಲು ಆಪರೇಶನ್ ಮಾಡಿದ ಕಡೆಯಿಂದ ಗಡ್ಡೆಯ ತುಂಡು ಇಟ್ಟ ಮೇಣದ ಬ್ಲಾಕ್, ಸ್ಲೈಡ್ ಎರಡನ್ನೂ ಕೇಳಿ ತನ್ನಿ. ಬರೀ ರಿಪೋರ್ಟಿನ ಕಾಗದ ಸಾಲದು. ಅವನ್ನು ತೆಗೆದುಕೊಂಡು ಪರೇಲಿನ ಟಾಟಾ ಆಸ್ಪತ್ರೆಯಂಥ ಸಾರ್ಕೋಮಾ ನೋಡುವ ಕಡೆ ಹೋಗಿ. ಮಂಡಿಯ ಎಂಆರ್‌ಐ, ಎದೆಯ ಸಿಟಿ ಅವರೇ ಹೇಳುತ್ತಾರೆ. ಅಲ್ಲಿಯವರೆಗೆ ಆ ಜಾಗಕ್ಕೆ ಎಣ್ಣೆ ಮಾಲೀಶು ಬೇಡವೇ ಬೇಡ.

ಪ್ರಶ್ನೆ ಕೇಳಿದವರು: ಆಯ್ತು ಡಾಕ್ಟ್ರೇ. ಬ್ಲಾಕ್ ಕೇಳಲು ನಾಳೆ ಬೆಳಿಗ್ಗೆ ಭಾವನನ್ನೇ ಕಳಿಸುತ್ತೇನೆ.