ಯುಎಕ್ಸ್ ರಿಸರ್ಚರ್ ಆಗಲು ಕೋಡಿಂಗ್ ಬರಲೇಬೇಕಾ?

ಪ್ರಶ್ನೆ: ಧಾರವಾಡದಲ್ಲಿ ಸಮಾಜಶಾಸ್ತ್ರ ಎಂ.ಎ. ಮುಗಿಸಿದ್ದೇನೆ. ಕೋಡಿಂಗ್, ಡಿಸೈನ್ ಎರಡೂ ಗೊತ್ತಿಲ್ಲ. ಯುಎಕ್ಸ್ ರಿಸರ್ಚರ್, ಅಂದರೆ ಜನ ಆ್ಯಪ್, ವೆಬ್‌ಸೈಟ್‌ಗಳನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಕೆಲಸ ನನಗೆ ಸಿಗುತ್ತದಾ?

ಉತ್ತರ 1: ಖಂಡಿತ ಸಿಗುತ್ತದೆ. ಬೆಂಗಳೂರಿನಲ್ಲಿ ಆರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಬೇಕಾದ್ದು ಸುಮ್ಮನೆ ಕೂತು ನೋಡುವ ತಾಳ್ಮೆ. ಒಮ್ಮೆ ಹಣ ಕಳಿಸುವ ಆ್ಯಪ್ ಪರೀಕ್ಷಿಸಲು ಮಂಡ್ಯದಲ್ಲಿ ಹೂ ಮಾರುವ ಅಮ್ಮನೊಬ್ಬರ ಪಕ್ಕ ಕೂತಿದ್ದೆ. ‘ಸುಲಭ ಇದೆಯಾ ಅಮ್ಮ?’ ಅಂದೆ. ‘ಹೂಂ ಕಣಪ್ಪ, ಚೆನ್ನಾಗೈತೆ’ ಅಂದರು. ಆದರೆ ‘ಮುಂದುವರಿಸಿ’ ಬಟನ್ ಮೇಲೆ ಅವರ ಹೆಬ್ಬೆರಳು ಮುಟ್ಟದೆ ಹಾಗೇ ನಿಂತಿತ್ತು. ಒತ್ತಿದ ತಕ್ಷಣ ದುಡ್ಡು ಹೋಗಿಬಿಡುತ್ತದೆ ಅನ್ನುವ ಭಯ. ನನಗೆ ಆ ಬೆರಳೇ ಉತ್ತರ. ಆಗ ತೆಗೆದ ವಿಡಿಯೋ ನೋಡಿದ ಮೇಲೆ ಆ್ಯಪ್ ತಂಡದವರು ಬಟನ್ನಿನ ಮಾತನ್ನು ‘ಮೊತ್ತ ನೋಡಿ’ ಅಂತ ಬದಲಿಸಿದರು.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಎಷ್ಟು ಜನರನ್ನು ಮಾತಾಡಿಸಬೇಕು?

ಉತ್ತರ 2: 5 ಜನ ಸಾಕು ಅಂತ ಈ ಕ್ಷೇತ್ರದ ಹೆಸರಾಂತ ತಜ್ಞ ಜಾಕೋಬ್ ನೀಲ್ಸನ್ 2000ರಲ್ಲಿ ಬರೆದರು. ಅದು ತೊಡಕು ಹುಡುಕಲು ಮಾತ್ರ. ಎಷ್ಟು ಮಂದಿಗೆ ಆ ತೊಡಕಿದೆ ಅಂತ ಹೇಳಲು ಜಾಸ್ತಿ ಜನ ಬೇಕು.

ಉತ್ತರ 1: ಹೌದು. ಮತ್ತೆ, ‘ಇದನ್ನು ಬಳಸುತ್ತೀರಾ?’ ಅಂತ ಕೇಳಬೇಡಿ. ‘ಹೋದ ಸಲ ದುಡ್ಡು ಹೇಗೆ ಕಳಿಸಿದಿರಿ?’ ಅಂತ ಕೇಳಿ. ನಿಮ್ಮ ಎಂ.ಎ. ಕ್ಷೇತ್ರಕಾರ್ಯದಲ್ಲೂ ಹೀಗೇ ಕೇಳಿದ್ದೀರಿ, ಅಲ್ವಾ?