ಬೆಂಗಳೂರು ಬಿಟ್ಟು ಕೋಲಾರಕ್ಕೆ ವಾಪಸ್ ಬರಬಹುದಾ? ಊರಲ್ಲಿ ಕೆಲಸ, ದುಡ್ಡು ಹೇಗಿದೆ, ಅನುಭವ ಇರುವವರು ಹೇಳಿ

ಕೇಳಿದವರು: ಮುಳಬಾಗಿಲು ತಾಲ್ಲೂಕಿನ ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಐಟಿಐ ಫಿಟ್ಟರ್ ಮುಗಿಸಿ ಆರು ವರ್ಷದಿಂದ ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಕೈಗೆ 22,000 ಬರುತ್ತದೆ. ರೂಮ್ ಬಾಡಿಗೆ, ಊಟ, ಓಡಾಟ ಎಲ್ಲಾ ಕಳೆದು ಮನೆಗೆ ಏಳು ಸಾವಿರ ಕಳಿಸಿದರೆ ಅದೇ ದೊಡ್ಡದು. ಊರಲ್ಲಿ ಅಪ್ಪನಿಗೆ ಮಂಡಿ ನೋವು, ಅಮ್ಮ ಒಬ್ಬರೇ ಒದ್ದಾಡುತ್ತಿದ್ದಾರೆ. ಎರಡು ಎಕರೆ ಜಮೀನು, ಒಂದು ಬೋರು, ಒಂದೂವರೆ ಇಂಚು ನೀರು.

ನರಸಾಪುರದ ಫ್ಯಾಕ್ಟರಿಯೊಂದರಲ್ಲಿ 18,000ಕ್ಕೆ ಕೆಲಸ ಇದೆ ಅಂತ ಏಜೆಂಟ್ ಒಬ್ಬರು ಕರೆಯುತ್ತಿದ್ದಾರೆ. ಅಪ್ಪ ಟೊಮೆಟೊ ಹಾಕೋಣ ಅನ್ನುತ್ತಾರೆ, ಅಮ್ಮ ಹಸು ಕಟ್ಟೋಣ ಅನ್ನುತ್ತಾರೆ. ಜಿಲ್ಲೆ ಮುಂದುವರಿದಿದೆ, ಬಡತನ ಕಡಿಮೆಯಾಗಿದೆ ಅಂತ ಪೇಪರ್‌ನಲ್ಲಿ ಓದುತ್ತೇನೆ. ನಮ್ಮ ಬೀದಿಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಹತ್ತು ಹದಿನೈದು ವರ್ಷದಲ್ಲಿ ನಿಮ್ಮ ಮನೆಯ ಆದಾಯ ನಿಜವಾಗಿ ಹೆಚ್ಚಾಯಿತಾ? ಯಾವುದರಿಂದ? ನಿಮ್ಮ ಮನೆ ಲೆಕ್ಕ ಹೇಳಿದರೆ ನನಗೆ ದಾರಿ ಕಾಣುತ್ತದೆ.

ವೇಮಗಲ್ ಹೋಬಳಿಯಿಂದ, ಫ್ಯಾಕ್ಟರಿ ಕೆಲಸದಲ್ಲಿರುವವರು

ತಮ್ಮಾ, ಮೊದಲು ಆ 18,000ನ ಒಡೆದು ನೋಡು. ನಾನು ಸೇರುವಾಗ ನನಗೂ ಅಷ್ಟೇ ಹೇಳಿದ್ದರು. ಮೊದಲ ಸಂಬಳದ ಚೀಟಿ ಕೈಗೆ ಬಂದಾಗ ಬಸ್ಸಿನಲ್ಲಿ ಕೂತು ಮೂರು ಸಲ ಓದಿದೆ. ಬೇಸಿಕ್ 15,000 ಅಂತ ತೋರಿಸಿದ್ದರು. ಅದರಲ್ಲಿ ನೂರಕ್ಕೆ 12ರಂತೆ ಪಿಎಫ್ 1,800. ಇಎಸ್‌ಐ, ಅಂದರೆ ಕಾರ್ಮಿಕರ ಆಸ್ಪತ್ರೆ ವಿಮೆ, ಪೂರ್ತಿ 18,000ದ ಮೇಲೆ ನೂರಕ್ಕೆ ಮುಕ್ಕಾಲು, ಅಂದರೆ 135. ಕೈಗೆ ಬಂದದ್ದು 16,065. ಪಿಎಫ್ ನಿನ್ನದೇ ದುಡ್ಡು, ಅದು ಹೋಯಿತು ಅಂತ ಅಳಬೇಡ. ಆದರೆ ಮನೆ ನಡೆಸುವ ಲೆಕ್ಕವನ್ನು ಹದಿನಾರು ಸಾವಿರದ ಮೇಲೆ ಹಾಕು.

ಎರಡನೆಯದು, ನೀನು ಸೇರುವುದು ಕಂಪನಿಗಾ, ಕಂಟ್ರಾಕ್ಟರ್‌ಗಾ ಅಂತ ಕೇಳು. ಗೇಟಿನ ಮೇಲೆ ಒಂದು ಹೆಸರು, ಸಂಬಳದ ಚೀಟಿ ಮೇಲೆ ಇನ್ನೊಂದು ಹೆಸರು ಇರುತ್ತದೆ. ನಾನು ಎರಡು ವರ್ಷದಲ್ಲಿ ಮೂರು ಕಂಟ್ರಾಕ್ಟರ್ ನೋಡಿದೆ. ಕೂತ ಜಾಗ ಅದೇ, ಮಾಡಿದ ಕೆಲಸ ಅದೇ. ಒಬ್ಬರು ಓವರ್‌ಟೈಮ್ ದುಡ್ಡು ಕೊಡದೇ ಹೋದರು. ಯಾರನ್ನು ಕೇಳಬೇಕು ಅಂತಲೇ ಗೊತ್ತಾಗಲಿಲ್ಲ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಫೋನ್ ಫ್ಯಾಕ್ಟರಿಯಲ್ಲಿ ಸಂಬಳದ ವಿಚಾರಕ್ಕೆ ದೊಡ್ಡ ಗಲಾಟೆ ಆಗಿದ್ದು ನೆನಪಿದೆಯಲ್ಲ? ಒಡೆದು ಹಾಕಿದ್ದು ತಪ್ಪು. ಆದರೆ ಆ ಹುಡುಗರ ಹೊಟ್ಟೆಯಲ್ಲಿದ್ದ ಸಂಕಟ ನನಗೆ ಗೊತ್ತು.

ಒಳ್ಳೆಯದನ್ನೂ ಹೇಳುತ್ತೇನೆ. ಈ ಫ್ಯಾಕ್ಟರಿಗಳು ಬರುವ ಮುಂಚೆ ನಮ್ಮ ಊರಲ್ಲಿ ಪಿಯುಸಿ ಆದ ಹೆಣ್ಣು ಮಕ್ಕಳಿಗೆ ಮದುವೆ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಈಗ ಬೆಳಗ್ಗೆ ಐದೂವರೆಗೆ ನಮ್ಮ ಊರ ಗೇಟಿನಲ್ಲಿ ಹನ್ನೊಂದು ಹುಡುಗಿಯರು ಐಡಿ ಕಾರ್ಡ್ ಹಾಕಿಕೊಂಡು ಬಸ್ಸಿಗೆ ನಿಲ್ಲುತ್ತಾರೆ. ನನ್ನ ತಂಗಿಯ ನರ್ಸಿಂಗ್ ಫೀಸ್ ಕಟ್ಟಿದ್ದು ನನ್ನ ಸಂಬಳ. ಅಪ್ಪನ ಆಪರೇಷನ್ ಇಎಸ್‌ಐನಲ್ಲಿ ಆಯಿತು, ಒಂದು ರೂಪಾಯಿ ಬಡ್ಡಿ ಸಾಲ ಮಾಡಲಿಲ್ಲ.

ಕೆಜಿಎಫ್ ಮಾರಿಕುಪ್ಪಂನಿಂದ

ನಾನು ಗಣಿ ಕಾರ್ಮಿಕನ ಮಗ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ. ನಿಮ್ಮ ಪ್ರಶ್ನೆಗೆ ನಮ್ಮ ಊರೇ ಒಂದು ಉತ್ತರ ಅಂತ ನನಗೆ ಅನಿಸುತ್ತದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ಶುರು ಮಾಡಿತು. ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ಬಂದ ಊರು ನಮ್ಮದು, ಬೆಂಗಳೂರಿಗಿಂತ ಮುಂಚೆ. ಆಸ್ಪತ್ರೆ, ಸ್ಕೂಲು, ಕ್ಲಬ್ಬು, ನಲ್ಲಿ ನೀರು, ಎಲ್ಲಾ ಗಣಿಯದೇ. ನಮ್ಮ ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಇಳಿಯುತ್ತಿದ್ದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ. ಸಂಬಳ ಬಂದ ದಿನ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್‌ನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಟೈಲರ್, ದಿನಸಿ ಅಂಗಡಿ, ಮಟನ್ ಅಂಗಡಿ, ಟ್ಯೂಷನ್ ಮೇಷ್ಟರು, ಎಲ್ಲರ ಮನೆಯ ಅನ್ನವೂ ಅದೇ ಒಂದು ಸಂಬಳದಿಂದ ಬೇಯುತ್ತಿತ್ತು. ಇದನ್ನು ನಾವು ಆಗ ಯೋಚಿಸಲೇ ಇಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪನಿಗೆ ಆಗ 46. ಗಣಿ ಕೆಲಸ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಬಂದ ದುಡ್ಡು ಅಕ್ಕನ ಮದುವೆಗೆ, ಹಳೆ ಸಾಲಕ್ಕೆ ಹೋಯಿತು. ಅವರು ಎಷ್ಟೋ ತಿಂಗಳು ಬೆಳಗ್ಗೆ ಎದ್ದು, ಸ್ನಾನ ಮಾಡಿ, ಶರ್ಟ್ ಹಾಕಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಕೊನೆಗೆ ಮನೆ ಹಿಡಿದಿದ್ದು ಅಮ್ಮ. ನಲವತ್ತು ದಾಟಿದ ಮೇಲೆ ಗಾರ್ಮೆಂಟ್ಸ್‌ಗೆ ಸೇರಿದರು. ಬೆಳಗಿನ ಜಾವ ಎದ್ದು ಮೂರು ಡಬ್ಬಿ ಕಟ್ಟಿ, ಕತ್ತಲೆಯಲ್ಲೇ ಸ್ಟೇಷನ್‌ಗೆ ನಡೆಯುತ್ತಿದ್ದರು. ರಾತ್ರಿ ಒಂಬತ್ತಕ್ಕೆ ವಾಪಸ್. ರೈಲಿನ ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂತು, ಬಂಗಾರಪೇಟೆ ದಾಟಿದ ಮೇಲೆ ಹೂ ಕಟ್ಟುತ್ತಿದ್ದರು. ಮಾಲೂರು ಬರುವಷ್ಟರಲ್ಲಿ ಎರಡು ಮಾರು. ಅದನ್ನು ಸ್ಟೇಷನ್ ಹೊರಗೆ ಕೂರುವ ಹೂವಮ್ಮನಿಗೆ ಕೊಟ್ಟರೆ ಆ ದಿನದ ಟೀ, ತರಕಾರಿ ಆಗುತ್ತಿತ್ತು. ಆ ಹೂವಿನ ಚಿಲ್ಲರೆಯನ್ನು ನಾನು ಈಗಲೂ ಮರೆತಿಲ್ಲ. ಸಂಬಳ ತಡವಾದ ತಿಂಗಳು ನಮ್ಮನ್ನು ಕಾಪಾಡಿದ್ದು ಅದೇ.

ಇಪ್ಪತ್ತು ವರ್ಷದ ಮೇಲಾಯಿತು, ನಮ್ಮ ಊರಿನ ದೊಡ್ಡ ಕೆಲಸ ಇವತ್ತಿಗೂ ರೈಲು ಹತ್ತುವುದೇ. ಹಗಲು ಹೊತ್ತು ಗಣಿ ಕಾರ್ಮಿಕರ ಸಾಲು ಮನೆಗಳಲ್ಲಿ ನೋಡಿದರೆ ವಯಸ್ಸಾದವರು, ಮಕ್ಕಳು. ಗಾಳಿ ಬೀಸಿದರೆ ಸೈನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದು ಸುರಿದ ಗಣಿ ಮಣ್ಣಿನ ಗುಡ್ಡೆಯ, ದೂಳು ಒಗೆದ ಬಟ್ಟೆ ಮೇಲೆ ಕೂರುತ್ತದೆ.

ನಿಮಗೆ ನನ್ನ ಮಾತು ಇಷ್ಟೇ. ಸಂಬಳ ಎಷ್ಟು ಅಂತ ಕೇಳುವುದಕ್ಕೆ ಮುಂಚೆ, ನಿಮ್ಮ ಮನೆಗೆ ದುಡ್ಡು ಎಷ್ಟು ಕಡೆಯಿಂದ ಬರುತ್ತದೆ, ತಿಂಗಳ ಯಾವ ಯಾವ ತಾರೀಖಿಗೆ ಬರುತ್ತದೆ ಅಂತ ಒಂದು ಹಾಳೆ ಮೇಲೆ ಬರೆಯಿರಿ. ಒಂದೇ ಕಡೆ ಇದ್ದರೆ ಅದು 18 ಆದರೂ ಅಷ್ಟೇ, 40 ಆದರೂ ಅಷ್ಟೇ. ನಿಂತ ದಿನ ಎಲ್ಲಾ ನಿಲ್ಲುತ್ತದೆ.

ಮಾಲೂರಿನಿಂದ

ಚಿಕ್ಕದಾಗಿ ಹೇಳುತ್ತೇನೆ. ಕೆಲಸ ಬೆಂಗಳೂರಲ್ಲೇ ಇಟ್ಟುಕೊಂಡು ಊರಲ್ಲಿ ಮಲಗುವುದು ಮಾಲೂರು, ಟೇಕಲ್, ಬಂಗಾರಪೇಟೆಯವರಿಗೆ ಆಗುತ್ತದೆ. ರೈಲು ಪಾಸ್ ಕಡಿಮೆ ದುಡ್ಡು. 2023ರಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂದ ಮೇಲೆ ಒಳಗೆ ಹೋಗುವುದೂ ಸುಲಭವಾಯಿತು. ಆದರೆ ಮುಳಬಾಗಿಲಿಗೆ ರೈಲು ಇಲ್ಲ. ಅಲ್ಲಿಂದ ಪೀಣ್ಯಕ್ಕೆ ದಿನಾ ಓಡಾಡುವ ಯೋಚನೆಯನ್ನು ತಲೆಯಿಂದ ತೆಗೆದುಬಿಡಿ.

ಶ್ರೀನಿವಾಸಪುರ ರಸ್ತೆಯ ಟೊಮೆಟೊ ಬೆಳೆಗಾರರು

ಅಪ್ಪನ ಮಾತಿಗೆ ಎದುರು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಪ್ಪ. ನಾನು 14 ವರ್ಷದಿಂದ ಟೊಮೆಟೊ ಹಾಕುತ್ತಿದ್ದೇನೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ದಾಟಿತು. ಟಿವಿಯವರೆಲ್ಲಾ ಬಂದರು. ಆಗ ತೋಟದಲ್ಲಿ ಕಾಯಿ ಇದ್ದವರು ಮನೆ ಕಟ್ಟಿದರು. ನನ್ನ ತೋಟ ಆಗ ಎಲೆ ಮುದುರಿಕೊಂಡು ಹಳದಿ ಆಗಿತ್ತು, 60 ಬಾಕ್ಸ್ ಸಿಗಲಿಲ್ಲ. ಅದನ್ನು ನೋಡಿ ಊರೆಲ್ಲಾ ನಾರು ತಂದು ನಾಟಿ ಮಾಡಿದರು. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಕಿತ್ತ ಕೂಲಿಯೂ ಹುಟ್ಟಲಿಲ್ಲ ಅಂತ ಪಕ್ಕದ ತೋಟದವರು ಗಿಡದಲ್ಲೇ ಬಿಟ್ಟುಬಿಟ್ಟರು.

ಒಂದು ಎಕರೆಗೆ ನಾರು, ಮಲ್ಚಿಂಗ್ ಪೇಪರ್, ಡ್ರಿಪ್, ಕಡ್ಡಿ, ದಾರ, ಔಷಧಿ, ಕೂಲಿ ಸೇರಿ ನನಗೆ ಎರಡೂವರೆ ಲಕ್ಷ ಬೀಳುತ್ತದೆ. ಅಷ್ಟು ದುಡ್ಡು ಕೈಯಲ್ಲಿಲ್ಲದೆ ಮಂಡಿಯವರ ಹತ್ತಿರ ಮುಂಗಡ ತೆಗೆದುಕೊಂಡರೆ, ಮಾಲು ಅವರಿಗೇ ಹಾಕಬೇಕು. ರೇಟು ಕೇಳುವ ಹಾಗಿಲ್ಲ. ನಿನಗೆ ಒಂದೂವರೆ ಇಂಚು ನೀರು ಅಂದೆ. ಅಷ್ಟಕ್ಕೆ ಅರ್ಧ ಎಕರೆ ಸಾಕು. ಉಳಿದದ್ದರಲ್ಲಿ ರಾಗಿ, ಅವರೆ ಹಾಕಿಕೊಳ್ಳಿ. ಮನೆ ಊಟಕ್ಕೆ ದುಡ್ಡು ಕೊಡುವುದು ತಪ್ಪಿದರೆ ಅದೂ ಆದಾಯವೇ.

ನೀರಿನ ಮಾತು ಬಂತು. 2018ರಲ್ಲಿ ಕೆಸಿ ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ನಾನೂ ನೋಡಲು ಹೋಗಿದ್ದೆ. ಅದು ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಬಿಟ್ಟ ನೀರು. ಆ ಕೆರೆಗಳ ಸುತ್ತ ಬತ್ತಿದ ಬೋರುಗಳಲ್ಲಿ ಮತ್ತೆ ನೀರು ಬಂತು, ನಿಜ. ಇನ್ನೂ ಒಂದು ಹಂತ ಚೆನ್ನಾಗಿ ಶುದ್ಧ ಮಾಡಿ ಬಿಡಿ ಅಂತ ನಾವು ಕೇಳುತ್ತಲೇ ಇದ್ದೇವೆ. ನಿಮ್ಮ ಊರ ಕೆರೆಗೆ ಆ ನೀರು ಬರುತ್ತದಾ ಇಲ್ಲವಾ ನೋಡಿಕೊಂಡು ಬೆಳೆ ಯೋಚಿಸು.

ಮುಳಬಾಗಿಲು ತಾಲ್ಲೂಕಿನಿಂದಲೇ, ಎರಡು ಹಸು ಕಟ್ಟಿರುವವರು

ನಿಮ್ಮ ಅಮ್ಮ ಹೇಳಿದ್ದೇ ಸರಿ. ಆದರೆ ಅವರೊಬ್ಬರ ತಲೆ ಮೇಲೆ ಹಾಕಬೇಡಿ.

ನಮ್ಮ ಮನೆ ಲೆಕ್ಕ ಹೇಳುತ್ತೇನೆ. ಎರಡು ಸೀಮೆ ಹಸು. ಎರಡೂ ಕರೆಯುವಾಗ ಎರಡು ಹೊತ್ತು ಸೇರಿ ಡೈರಿಗೆ 18 ಲೀಟರ್. ಹದಿನೈದು ದಿನಕ್ಕೆ ಬಟವಾಡೆ ಸುಮಾರು 8,900. ಬೂಸಾ, ಹಿಂಡಿ, ಡಾಕ್ಟರು, ಔಷಧಿಗೆ 5,000 ತೆಗೆದರೆ ಉಳಿಯುವುದು 3,900. ಸರ್ಕಾರದ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ ಬೇರೆ ಬರುತ್ತದೆ, ಆದರೆ ತಡವಾಗಿ. ಅದನ್ನು ತಿಂಗಳ ಖರ್ಚಿಗೆ ನಂಬಬೇಡಿ. ಬಂದಾಗ ಹಾಗೇ ಎತ್ತಿಡಿ.

ಹಸು ತರುವಾಗ ಇದೊಂದು ನೋಡಿ. ಎರಡೂ ಒಂದೇ ಸಮಯಕ್ಕೆ ಗಬ್ಬ ಆಗಬಾರದು. ಒಂದು ಹಾಲು ಬತ್ತಿಸಿದಾಗ ಇನ್ನೊಂದು ಕರೆಯುತ್ತಿರಬೇಕು. ನಾನು ಮೊದಲ ಸಲ ಇದನ್ನು ತಿಳಿಯದೆ ಎರಡು ತಿಂಗಳು ಬಟವಾಡೆಯೇ ಇಲ್ಲದೆ ಕೂತೆ. ಆಗಲೇ ವಾರದ ಕಂತಿನ ಸಾಲ ತೆಗೆದುಕೊಂಡಿದ್ದು. ಒಂದನ್ನು ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಮಂಗಳವಾರ ಬಂದರೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದೆ. 2025ರ ಫೆಬ್ರವರಿಯಲ್ಲಿ ಸಾಲ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ಬಂದ ಮೇಲೆ ಮನೆ ಮುಂದೆ ಬಂದು ಕೂಗಾಡುವುದು ನಿಂತಿತು. ಸಾಲ ಮಾತ್ರ ನಾವೇ ಕಟ್ಟಿದೆವು. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ 2,000 ಬರುತ್ತಿದೆ. ಬಂದ ಅಷ್ಟೂ ದುಡ್ಡು ಹಳೆ ಕಂತಿಗೇ ಹಾಕಿದೆ. ಕೊನೆ ಕಂತು ಕಟ್ಟಿದ ದಿನ ಮನೆಯಲ್ಲಿ ಪಾಯಸ ಮಾಡಿದೆ.

ಕೋಲಾರದಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವರು

ಬಡತನ ಕಡಿಮೆ ಆಯಿತು ಅಂತ ಓದಿದೆ, ಬೀದಿಯಲ್ಲಿ ಕಾಣುವುದಿಲ್ಲ ಅಂದಿರಲ್ಲ. ಎರಡೂ ನಿಜ. ನೀತಿ ಆಯೋಗದ ಲೆಕ್ಕದಲ್ಲಿ ಕರ್ನಾಟಕದಲ್ಲಿ ಬಹು ಆಯಾಮದ ಬಡತನ 2015-16ರಲ್ಲಿ ಶೇ. 12.77 ಇತ್ತು, 2019-21ಕ್ಕೆ ಶೇ. 7.58ಕ್ಕೆ ಇಳಿಯಿತು. ಆದರೆ ಆ ಲೆಕ್ಕದಲ್ಲಿರುವುದು 12 ಸಂಗತಿ. ಪೌಷ್ಟಿಕತೆ, ಶಾಲೆ, ಅಡುಗೆ ಗ್ಯಾಸ್, ಶೌಚಾಲಯ, ಕರೆಂಟ್, ಮನೆ, ಬ್ಯಾಂಕ್ ಖಾತೆ, ಹೀಗೆ. ಕೂಲಿ ಎಷ್ಟು, ಸಂಬಳ ಎಷ್ಟು ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಮನೆಗೆ ಗ್ಯಾಸ್ ಬಂದಿದೆ, ಶೌಚಾಲಯ ಬಂದಿದೆ. ಇದು ಸಣ್ಣ ವಿಷಯ ಅಲ್ಲ, ನಮ್ಮ ಅಮ್ಮಂದಿರ ಕಣ್ಣು, ಬೆನ್ನು ಉಳಿಸಿದ ವಿಷಯ. ಆದರೆ ಸಿಲಿಂಡರ್ ತುಂಬಿಸುವ ದುಡ್ಡು ಬೇರೆ ಮಾತು.

ಜಿಲ್ಲೆಯ ತಲಾ ಆದಾಯ ನೋಡುವಾಗಲೂ ಹುಷಾರು. ನರಸಾಪುರ, ವೇಮಗಲ್‌ನಲ್ಲಿ ಆಗುವ ಉತ್ಪಾದನೆ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತದೆ. ಅದರ ಲಾಭ ಎಲ್ಲಿ ಹೋಗುತ್ತದೆ ಅನ್ನುವುದನ್ನು ಆ ಅಂಕಿ ಹೇಳುವುದಿಲ್ಲ. ನಾನು ನಂಬುವ ಅಳತೆ ಊರಿನ ಕೂಲಿ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2023-24ರಲ್ಲಿ ದಿನಕ್ಕೆ 316 ರೂಪಾಯಿ ಇತ್ತು, 2025-26ಕ್ಕೆ 370. ನಿಮ್ಮ ಊರಲ್ಲಿ ಟೊಮೆಟೊ ಕೀಳಲು ಹೋದ ಹೆಂಗಸಿಗೆ ಈಗ ಎಷ್ಟು ಕೊಡುತ್ತಾರೆ, ಐದು ವರ್ಷದ ಹಿಂದೆ ಎಷ್ಟಿತ್ತು, ಅವರಿಗೆ ತಿಂಗಳಲ್ಲಿ ಎಷ್ಟು ದಿನ ಕೆಲಸ ಸಿಗುತ್ತದೆ ಅಂತ ಅಮ್ಮನನ್ನು ಕೇಳಿ. ಆ ಮೂರು ಅಂಕಿ ಸಿಕ್ಕರೆ ನಿಮ್ಮ ಹೋಬಳಿಯ ಸ್ಥಿತಿ ನಿಮಗೇ ಗೊತ್ತಾಗುತ್ತದೆ.

ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ಕೆಜಿಎಫ್ ಅಣ್ಣ ಹೇಳಿದ ಹಾಗೆ ಹಾಳೆ ಮೇಲೆ ಬರೆದೆ. ಈಗ ಮನೆಗೆ ದುಡ್ಡು ಬರುವುದು ಎರಡು ಕಡೆಯಿಂದ. ನಾನು ಕಳಿಸುವ ಏಳು ಸಾವಿರ, ಅಮ್ಮನ ಗೃಹಲಕ್ಷ್ಮಿ. ನಡುವೆ ಅಮ್ಮ ಕೂಲಿಗೆ ಹೋಗುತ್ತಾರೆ ಅನ್ನುವುದು ನಿನ್ನೆ ಫೋನ್ ಮಾಡಿದಾಗಲೇ ನನಗೆ ಗೊತ್ತಾಗಿದ್ದು. ದಿನಕ್ಕೆ 400 ಅಂತೆ, ತಿಂಗಳಲ್ಲಿ ಹತ್ತು ದಿನವೂ ಸಿಗುವುದಿಲ್ಲವಂತೆ. ನನಗೆ ಹೇಳಿರಲಿಲ್ಲ.

ವಾಪಸ್ ಬರುವುದು ಅಂತ ತೀರ್ಮಾನ ಮಾಡಿದ್ದೇನೆ. ನರಸಾಪುರಕ್ಕೆ ಸೇರುತ್ತೇನೆ. ಮೊದಲು ಒಂದು ಹಸು, ಆರು ತಿಂಗಳು ಬಿಟ್ಟು ಇನ್ನೊಂದು. ಬೆಳಗಿನ ಹಾಲು ನಾನು ಕರೆದು ಬಸ್ಸಿಗೆ ಹೋಗುತ್ತೇನೆ. ಟೊಮೆಟೊ ಅರ್ಧ ಎಕರೆ, ಅದೂ ಕೈಯಲ್ಲಿ ದುಡ್ಡು ಇದ್ದ ವರ್ಷ ಮಾತ್ರ. ಒಂದೇ ಪ್ರಶ್ನೆ ಉಳಿದಿದೆ. ಪೀಣ್ಯದ ಆರು ವರ್ಷದ ಪಿಎಫ್ ತೆಗೆದು ಹಸು ತರಲಾ?

ವೇಮಗಲ್ ಹೋಬಳಿಯಿಂದ

ಬೇಡ ತಮ್ಮಾ. ನಿನ್ನ ಪಿಎಫ್ ಖಾತೆಯ ಹಳೆ ಯುಎಎನ್ ನಂಬರನ್ನೇ ಹೊಸ ಕಡೆ ಕೊಡು, ದುಡ್ಡು ವರ್ಗ ಆಗುತ್ತದೆ. ಹೊಸ ನಂಬರ್ ಮಾಡಿಸುತ್ತೇವೆ ಅಂದರೆ ಒಪ್ಪಬೇಡ, ನಾನು ಹಾಗೆ ಮಾಡಿ ಒಂದು ವರ್ಷ ಅಲೆದೆ. ಐದು ವರ್ಷ ದಾಟಿದೆ ಅಂದೆಯಲ್ಲ, ಪೀಣ್ಯದವರು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗಿನ ಸೇವೆಯ ದುಡ್ಡು, ಕೊಡಬೇಕು. ರಾಜೀನಾಮೆ ಕೊಡುವ ಮುಂಚೆ ನೀನು ಕಂಟ್ರಾಕ್ಟರ್ ಕಡೆ ಅಲ್ಲದೆ ಆ ಕಂಪನಿಯ ರೋಲ್‌ನಲ್ಲೇ ಇದ್ದೀಯಾ ನೋಡಿಕೋ. ಇದ್ದರೆ ಅದನ್ನು ಬರವಣಿಗೆಯಲ್ಲಿ ಕೇಳು. ಮೊದಲ ಹಸು ಆ ದುಡ್ಡಲ್ಲಿ ಬರಲಿ.